ಹೋಟಗಿ ರೈಲು, ಗದಗ ರೈಲು: ಎಸ್.ಆರ್. ಕಂಠಿಯವರ ದಾರಿ

1962ರ ಫೆಬ್ರುವರಿ ಮುಗಿಯುತ್ತ ಬಂದಿದೆ. ನೀವು ಇಳಕಲ್ಲಿನ ನೇಕಾರರ ಓಣಿಯೊಂದರಲ್ಲಿ ನಿಂತಿದ್ದೀರಿ. ಹೊತ್ತು ಇನ್ನೂ ಏರಿಲ್ಲ, ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ಮನೆಮನೆಯ ಪಡಸಾಲೆಯಲ್ಲೂ ಕುಣಿಮಗ್ಗ. ನೇಯುವವನ ಕಾಲು ಕುಣಿಯೊಳಗೆ, ಕಣ್ಣು ಹಾಸಿನ ಮೇಲೆ. ಲಾಳಿ ಅತ್ತಿಂದಿತ್ತ ಓಡುವ ಸದ್ದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಕೇಳಿಸುತ್ತದೆ. ಒಂದು ಮಗ್ಗದ ಮೇಲೆ ಗೋಮಿ ದಡಿ, ಪಕ್ಕದ ಮನೆಯಲ್ಲಿ ಪರಾಸಪೇಟಿ. ಜಗಲಿಯ ಮೇಲೆ ಕೂತ ಹೆಣ್ಣುಮಗಳೊಬ್ಬಳು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುತ್ತಿದ್ದಾಳೆ.

ಓಣಿಯ ಬಾಯಿಗೆ ಚಹಾದಂಗಡಿ. ತಿಂಗಳ ಮೊದಲ ವಾರ ಅಲ್ಲಿ ನಡೆದದ್ದು ಒಂದೇ ಮಾತು: ಅಷ್ಟಗ್ರಹ ಕೂಟ. ಎಂಟು ಗ್ರಹ ಒಂದೇ ರಾಶಿಗೆ ಬಂದು ಜಗತ್ತು ಮುಳುಗುತ್ತದೆಂದು ದೇಶದ ಉದ್ದಗಲಕ್ಕೂ ಹೋಮ, ಭಜನೆ ನಡೆದವು. ಜಗತ್ತು ಮುಳುಗಲಿಲ್ಲ. ಅದರ ಹಿಂದೆಯೇ ಚುನಾವಣೆ ಬಂತು, ಮತ ಎಣಿಕೆಯೂ ಮುಗಿಯಿತು. ಈಗ ಜನ ಧಾರವಾಡ ಆಕಾಶವಾಣಿಯ ಸುದ್ದಿಗೆ ಕಿವಿಗೊಟ್ಟಿದ್ದಾರೆ. ಮೈಸೂರು ರಾಜ್ಯದ 208 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 138. ಹುನಗುಂದದಿಂದ ಮತ್ತೆ ಶಿವಲಿಂಗಪ್ಪ ರುದ್ರಪ್ಪ ಕಂಠಿ. ಇಲ್ಲಿಯವರಿಗೆ ಅದು ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದ ಸುದ್ದಿ ದೂರದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ್ದು. ಅಲ್ಲಿ ಕಾಂಗ್ರೆಸ್ಸಿನ ನಾಯಕ ಎಸ್. ನಿಜಲಿಂಗಪ್ಪ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತಿದ್ದಾರೆ. ಮುಖ್ಯಮಂತ್ರಿಯಾಗಬೇಕಿದ್ದವರು ಸದನದ ಬಾಗಿಲ ಹೊರಗೇ ಉಳಿದಿದ್ದಾರೆ.

"ಹಂಗಾರ ಇನ್ನ ಯಾರ್ ಆಗ್ತಾರ್ರೀ?"

ಈ ಪ್ರಶ್ನೆಗೆ ಉತ್ತರ ಹನ್ನೆರಡು ಮೈಲಿಯೊಳಗಿನ ಹುನಗುಂದದಲ್ಲೇ ಇದೆ ಎಂದು ಅಂಗಡಿಯಲ್ಲಿ ಕೂತವರಿಗೆ ಆ ಬೆಳಿಗ್ಗೆ ತಿಳಿದಿಲ್ಲ.

ಉತ್ತರ ತಿಳಿಯಬೇಕಾದರೆ ಪಡುವಣಕ್ಕೆ ಹೋಗಬೇಕು. ಹುನಗುಂದ ದಾಟಿ, ಕರದಂಟಿನ ಅಮೀನಗಡ ದಾಟಿ, ಎರೆಹೊಲಗಳ ನಡುವೆ ಸಾಗಿ ಬಾದಾಮಿ ತಾಲೂಕಿನ ಕೆರೂರು ಸೇರಬೇಕು. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಹೋಗುವ ದೊಡ್ಡ ರಸ್ತೆಯ ಮೇಲಿನ ಊರು ಅದು. ಬಾದಾಮಿಯ ಗುಹೆ, ಅಗಸ್ತ್ಯತೀರ್ಥ, ಬನಶಂಕರಿ ಜಾತ್ರೆ ನೋಡಲು ಬಂದವರು ಕೆರೂರಿನಲ್ಲಿ ನಿಲ್ಲುವುದಿಲ್ಲ, ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ನೀವು ಇಳಿಯಿರಿ. 1908ರ ಡಿಸೆಂಬರ್ 21ರಂದು ಕಂಠಿ ಹುಟ್ಟಿದ್ದು ಇಲ್ಲಿ. ಆಗ ಇದು ಬ್ರಿಟಿಷರ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆ. ಕಚೇರಿಯ ಕಾಗದ ಇಂಗ್ಲಿಷ್, ಸಾಹುಕಾರರ ಲೆಕ್ಕದಲ್ಲಿ ಮರಾಠಿಯ ನೆರಳು, ಮನೆಯೊಳಗೆ ಕನ್ನಡ. ಕಲಿಯಬೇಕೆಂದ ಹುಡುಗ ಬಾಗಲಕೋಟೆಗೆ ಹೋಗಬೇಕು, ಇನ್ನೂ ಕಲಿಯಬೇಕೆಂದರೆ ಧಾರವಾಡವೋ ಕೊಲ್ಲಾಪುರವೋ ಪುಣೆಯೋ. ಕಂಠಿ ಕೊಲ್ಲಾಪುರಕ್ಕೆ ಹೋಗಿ ರಾಜಾರಾಮ ಕಾಲೇಜಿನಲ್ಲಿ ಓದಿದರು, ಕಾನೂನು ಕಲಿತರು, ವಕೀಲರಾದರು. ಮೈಸೂರು, ಬೆಂಗಳೂರು ಈ ಭಾಗದವರಿಗೆ ಆಗ ಬೇರೆಯವರ ರಾಜ್ಯ.

ಆಗಿನ ಬಾಗಲಕೋಟೆಯ ಸ್ಟೇಷನ್ನಿಗೆ ಬನ್ನಿ. ಮೀಟರ್ ಗೇಜ್ ಹಳಿ. 1880ರ ದಶಕದಲ್ಲಿ ಹಾಕಿದ ಗದಗ–ಹೋಟಗಿ ಮಾರ್ಗ ಇದು. ಕಲ್ಲಿದ್ದಲಿನ ಹೊಗೆಗೆ ಕಣ್ಣು ಉರಿಯುತ್ತದೆ. ಉತ್ತರದ ಗಾಡಿ ಹತ್ತಿದರೆ ಆಲಮಟ್ಟಿಯ ಬಳಿ ಕೃಷ್ಣೆಯ ಸೇತುವೆ ದಾಟಿ, ವಿಜಾಪುರ ದಾಟಿ ಹೋಟಗಿಗೆ ಮುಟ್ಟುತ್ತೀರಿ. ಅಲ್ಲಿ ಗಾಡಿ ಬದಲಿಸಿ ಅಗಲ ಹಳಿಯ ಮೇಲೆ ಸೊಲ್ಲಾಪುರ, ಪುಣೆ, ಮುಂಬೈ. ದಕ್ಷಿಣದ ಗಾಡಿಯಾದರೆ ಬಾದಾಮಿ ಕಳೆದು ಹೊಳೆಆಲೂರಿನಲ್ಲಿ ಮಲಪ್ರಭೆ ದಾಟಿ ಗದಗ, ಹುಬ್ಬಳ್ಳಿ. ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ರಾತ್ರಿ. ವಿಜಾಪುರ ಜಿಲ್ಲೆಯ ರಾಜಕಾರಣಿಗೆ 1956ರವರೆಗೆ ಹೋಟಗಿ ಗಾಡಿಯೇ ಗತಿ. ಅರ್ಜಿ, ಮನವಿ, ಕನಸು ಎಲ್ಲವೂ ಆ ಕಡೆಗೇ ಹೋಗಬೇಕು.

1952ರಲ್ಲಿ ಕಂಠಿ ಆ ಗಾಡಿಯಲ್ಲೇ ಹೋದವರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುನಗುಂದದಿಂದ ಗೆದ್ದು ಮುಂಬೈ ವಿಧಾನಸಭೆಗೆ ಬಂದಿದ್ದಾರೆ. ಅರಬ್ಬೀ ಸಮುದ್ರದ ಗಾಳಿ ಬೀಸುವ ಕೌನ್ಸಿಲ್ ಹಾಲ್‌ನ ಗ್ಯಾಲರಿಯಲ್ಲಿ ನೀವು ಕೂತಿದ್ದೀರಿ ಎಂದುಕೊಳ್ಳಿ. ಕೆಳಗೆ ಗುಜರಾತಿ, ಮರಾಠಿ, ಕನ್ನಡದ ಸದಸ್ಯರು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ, ಈ ನಾಲ್ಕೇ ಜಿಲ್ಲೆಯ ಕನ್ನಡಿಗರು ಆ ದೊಡ್ಡ ಸದನದಲ್ಲಿ ಅಲ್ಪಸಂಖ್ಯಾತರು. ಸಭಾಧ್ಯಕ್ಷರು ಡಿ.ಕೆ. ಕುಂಟೆ. ಅವರು ಎದ್ದು ಹೋದಾಗ ಆ ಪೀಠಕ್ಕೆ ಬಂದು ಕೂರುವವರು ಹುನಗುಂದದ ಸದಸ್ಯ. ಕಂಠಿ ಮುಂಬೈ ವಿಧಾನಸಭೆಯ ಉಪಸಭಾಧ್ಯಕ್ಷರು.

ಎದುರಿನ ಮೊದಲ ಸಾಲಿನಲ್ಲಿ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಅವರನ್ನು ಸ್ವಲ್ಪ ಹೊತ್ತು ನೋಡಿ, ಯಾಕೆಂದರೆ ಹತ್ತು ವರ್ಷದ ನಂತರ ಅವರ ಕಥೆ ಬೇಕಾಗುತ್ತದೆ. 1952ರ ಚುನಾವಣೆಯಲ್ಲಿ ಮೊರಾರ್ಜಿ ಹತ್ತೊಂಬತ್ತೇ ಮತಗಳಿಂದ ಸೋತಿದ್ದರು. ಆದರೂ ಪಕ್ಷ ಅವರನ್ನೇ ನಾಯಕನೆಂದು ಆರಿಸಿತು, ಅವರೇ ಮುಖ್ಯಮಂತ್ರಿಯಾದರು, ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು. ಸಂವಿಧಾನದ 164ನೇ ವಿಧಿ ಅದಕ್ಕೆ ಅಡ್ಡಬರುವುದಿಲ್ಲ. ಸದಸ್ಯರಲ್ಲದವರೂ ಆರು ತಿಂಗಳು ಮಂತ್ರಿಯಾಗಿ ಇರಬಹುದು. ಸೋತವರನ್ನು ಜನರ ಮುಂದೆ ಹೇಗೆ ಕೂರಿಸುತ್ತಾರೆ, ಅದಕ್ಕೆ ಏನೆಲ್ಲ ಮಾತು ಕೇಳಬೇಕಾಗುತ್ತದೆ ಎಂಬುದನ್ನು ಕಂಠಿ ಆ ಸದನದಲ್ಲಿ ಹತ್ತಿರದಿಂದಲೇ ಕಂಡರು.

1956ರ ನವೆಂಬರ್ 1. ಆ ದಿನ ಊರು ಕದಲಲಿಲ್ಲ, ಹೊಲ ಕದಲಲಿಲ್ಲ, ರಾಜಧಾನಿ ಬದಲಾಯಿತು. ನಾಲ್ಕು ಜಿಲ್ಲೆಗಳು ಮುಂಬೈಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದವು. ಆ ಜಿಲ್ಲೆಗಳಿಂದ ಮುಂಬೈ ಸದನಕ್ಕೆ ಹೋಗಿದ್ದವರು ಹೊಸ ಸದನದ ಸದಸ್ಯರೆಂದೇ ಎಣಿಕೆಯಾದರು. ಈಗ ಕಂಠಿಯವರದು ಗದಗ ಗಾಡಿ.

ಡಿಸೆಂಬರ್ 19, ಬೆಂಗಳೂರು. ವಿಧಾನಸೌಧದ ಕಲ್ಲು ಇನ್ನೂ ಹೊಸತು, ಬೆಳಗಿನ ಬಿಸಿಲಿಗೆ ಬೂದು ಬೆಳ್ಳಗೆ ಹೊಳೆಯುತ್ತಿದೆ. ಮೆಟ್ಟಿಲು ಹತ್ತಿ ಸಭಾಂಗಣದ ಗ್ಯಾಲರಿಗೆ ಬನ್ನಿ. ಏಕೀಕೃತ ರಾಜ್ಯದ ವಿಧಾನಸಭೆ ಮೊದಲ ಸಲ ಸೇರುತ್ತಿದೆ. ಕೆಳಗೆ ನೋಡಿ: ಹಳೇ ಮೈಸೂರಿನ ಪೇಟಗಳು, ನಮ್ಮ ಕಡೆಯ ಗಾಂಧಿ ಟೋಪಿಗಳು, ಹೈದರಾಬಾದಿನಿಂದ ಬಂದ ಕಲಬುರ್ಗಿ, ರಾಯಚೂರು, ಬೀದರ್‌ನ ಸದಸ್ಯರು, ಕೊಡಗಿನವರು, ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡದವರು. ಸಾಗರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರೂ ಅಲ್ಲಿದ್ದಾರೆ. ಎಲ್ಲರದೂ ಕನ್ನಡವೇ, ಆದರೆ ಒಬ್ಬರ ಕಚೇರಿ ಪದ್ಧತಿ ಇನ್ನೊಬ್ಬರಿಗೆ ಗೊತ್ತಿಲ್ಲ. ಅಮಲ್ದಾರರ ಬಳಿ ಹೋಗಿ ಅಭ್ಯಾಸವಾದವರು ಒಂದು ಸಾಲಿನಲ್ಲಿ, ಮಾಮಲೇದಾರರ ಬಳಿ ಹೋಗುತ್ತಿದ್ದವರು ಇನ್ನೊಂದು ಸಾಲಿನಲ್ಲಿ. ಗೇಣಿ ಕಾನೂನನ್ನೇ ತೆಗೆದುಕೊಳ್ಳಿ. ಮುಂಬೈಯವರದು 1948ರ ಕಾಯಿದೆ, ಹೈದರಾಬಾದಿನದು 1950ರದು, ಮೈಸೂರಿನದು 1952ರದು. ತುಂಗಭದ್ರೆಯ ಆಚೆ ಈಚೆಯ ಗೇಣಿದಾರರು ಒಂದೇ ರಾಜ್ಯದಲ್ಲಿದ್ದೂ ಬೇರೆ ಬೇರೆ ಕಾನೂನಿನ ಕೆಳಗೆ ಉಳುತ್ತಿದ್ದಾರೆ.

ಈ ಸದನವನ್ನು ನಡೆಸುವವರು ಯಾರು? ಹಳೇ ಮೈಸೂರಿನವರು ಕೂತರೆ ಉತ್ತರದವರಿಗೆ ಮುನಿಸು ಬರಬಹುದಾದ ಹೊತ್ತು. ಅಂದು ಸದನ ಆರಿಸಿದ್ದು ಕಂಠಿಯವರನ್ನು. ಮುಂಬೈಯಲ್ಲಿ ಮೂರು ಭಾಷೆಯವರ ಜಗಳ ಬಿಡಿಸಿ ಪಳಗಿದ ವಕೀಲ, ವಯಸ್ಸು ಇನ್ನೆರಡು ದಿನಕ್ಕೆ ನಲವತ್ತೆಂಟು. ಎದ್ದು ಪೀಠದ ಕಡೆಗೆ ನಡೆಯುತ್ತಾರೆ. ಆ ಕ್ಷಣದಿಂದ ಐದು ವರ್ಷಕ್ಕೂ ಮೇಲೆ, 1962ರ ಮಾರ್ಚ್ ತನಕ, ಅವರು ಅಲ್ಲಿಂದ ಇಳಿಯುವುದಿಲ್ಲ.

ಕಂಠಿಯವರ ರಾಜಕೀಯ ಜೀವನದ ಅತಿ ದೊಡ್ಡ ಕೆಲಸ ಇದೇ ಎಂದು ನನ್ನ ನಂಬಿಕೆ. ಅವರ ಹೆಸರು ಬಂದಾಗಲೆಲ್ಲ ಜನ ನೆನೆಯುವುದು ಮುಖ್ಯಮಂತ್ರಿಯಾಗಿದ್ದ ಮೂರು ಚಿಲ್ಲರೆ ತಿಂಗಳನ್ನು. ಪರೀಕ್ಷೆಯ ಪುಸ್ತಕಗಳೂ ಅಷ್ಟನ್ನೇ ಬರೆಯುತ್ತವೆ. ಸಭಾಧ್ಯಕ್ಷನ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಗ್ಯಾಲರಿಯಲ್ಲಿ ಕೂತು ಒಂದು ದಿನ ನೋಡಿದರೆ ಮಾತ್ರ ಅದರ ಭಾರ ತಿಳಿಯುತ್ತದೆ. ಪ್ರಶ್ನೋತ್ತರದ ಹೊತ್ತು, ಶೂನ್ಯವೇಳೆ, ಎದ್ದ ಐದಾರು ಜನರಲ್ಲಿ ಯಾರಿಗೆ ಮೊದಲು ಮಾತು, ಯಾವ ಪದವನ್ನು ಕಡತದಿಂದ ತೆಗೆಯಬೇಕು, ಯಾವ ನಿಲುವಳಿಯನ್ನು ಒಪ್ಪಬೇಕು, ಯಾವುದನ್ನು ತಿರಸ್ಕರಿಸಬೇಕು. ಮಂತ್ರಿ ಜಾರಿಕೊಂಡರೆ ಹಿಡಿದು ನಿಲ್ಲಿಸಬೇಕು, ವಿರೋಧಿ ಹದ್ದು ಮೀರಿದರೆ ಕೂರಿಸಬೇಕು, ಇಬ್ಬರಿಗೂ ಈತ ನಮ್ಮವನು ಅನ್ನಿಸಬೇಕು. ಐದು ಕಡೆಯಿಂದ ಬಂದ ಸದಸ್ಯರಿಗೆ ಒಂದೇ ನಿಯಮಾವಳಿ ರೂಢಿಯಾಗಿದ್ದು ಆ ವರ್ಷಗಳಲ್ಲಿ.

ಅದಕ್ಕೆ ತೆತ್ತ ಬೆಲೆಯೂ ಉಂಟು. ಸಭಾಧ್ಯಕ್ಷ ಚರ್ಚೆಯಲ್ಲಿ ಮಾತಾಡುವ ಹಾಗಿಲ್ಲ. ಮತಗಳು ಸರಿಸಮ ಬಿದ್ದಾಗ ಮಾತ್ರ ತನ್ನ ಮತ ಹಾಕಬಹುದು. ಹುನಗುಂದ ತಾಲೂಕಿಗೆ ಮಳೆ ಕೈಕೊಟ್ಟರೆ, ಇಳಕಲ್ಲಿನ ನೇಕಾರರಿಗೆ ನೂಲಿನ ದರ ಏರಿದರೆ, ಕೃಷ್ಣೆ ಉಕ್ಕಿ ಹೊಳೆಸಾಲಿನ ಹಳ್ಳಿ ಮುಳುಗಿದರೆ, ಆ ತಾಲೂಕಿನ ಶಾಸಕ ಸದನದಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳುವಂತಿಲ್ಲ. ಮಾತಾಡದ ಶಾಸಕನನ್ನು ಐದು ವರ್ಷ ಸಹಿಸಿ, ಮತ್ತೆ ಅವರಿಗೇ ಮತ ಹಾಕಿದ ಹುನಗುಂದದ ಜನರ ತಿಳಿವಳಿಕೆಗೂ ಒಂದು ಲೆಕ್ಕ ಸಲ್ಲಬೇಕು.

ಆ ಪೀಠದ ಕೆಳಗೆ ಏನೇನು ಆಯಿತು ನೋಡಿ. 1958ರ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪ ರಾಜೀನಾಮೆ ಕೊಟ್ಟು ಬಿ.ಡಿ. ಜತ್ತಿ ಮುಖ್ಯಮಂತ್ರಿಯಾದರು. ಜತ್ತಿಯವರು ಜಮಖಂಡಿಯ ಶಾಸಕ, ಮುಂದೆ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದವರು. ಸಭಾಧ್ಯಕ್ಷರೂ ಮುಖ್ಯಮಂತ್ರಿಯೂ ಒಂದೇ ವಿಜಾಪುರ ಜಿಲ್ಲೆಯವರು. ಹಳೇ ಮೈಸೂರಿನವರ ಹಿಡಿತದಲ್ಲೇ ಸದನ ಇರುತ್ತದೆಂದು ಅಂಜಿ ಬಂದಿದ್ದ ಭಾಗಕ್ಕೆ ಎರಡೇ ವರ್ಷದಲ್ಲಿ ಇಂಥ ದಿನ ಬಂತು. 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಪಾಸಾಯಿತು. ಆಮೇಲೆ ಎಲ್ಲಕ್ಕಿಂತ ಬಿಸಿಯಾದ ಭೂಸುಧಾರಣೆಯ ಮಸೂದೆ. ಬೇರೆ ಬೇರೆ ಭಾಗದ ಗೇಣಿ ಕಾನೂನುಗಳನ್ನು ಒಂದು ಮಾಡಲು ಹಿಂದೆ ಜತ್ತಿಯವರ ಅಧ್ಯಕ್ಷತೆಯಲ್ಲೇ ಸಮಿತಿ ಕೂತಿತ್ತು. ಭೂಮಿ ಇದ್ದವರೇ ತುಂಬಿದ್ದ ಸದನದಲ್ಲಿ ಭೂಮಿಗೆ ಮಿತಿ ಹಾಕುವ ಮಾತು. ಒಂದೊಂದು ಕಲಮಿಗೂ ತಿದ್ದುಪಡಿ, ಒಂದೊಂದು ತಿದ್ದುಪಡಿಗೂ ವಾದ. 1961ರಲ್ಲಿ ಅದು ಸದನ ದಾಟಿತು. ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 1962ರ ಮಾರ್ಚ್ 5ರಂದು. ಜಾರಿಗೆ ಬರಲು 1965ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತು, ಉಳುವವನಿಗೆ ನಿಜವಾಗಿ ನೆಲ ಸಿಗಲು ದೇವರಾಜ ಅರಸರ ಕಾಲದ ತಿದ್ದುಪಡಿ ಬರಬೇಕಾಯಿತು. ಆದರೂ ಒಂದೇ ರಾಜ್ಯಕ್ಕೆ ಒಂದೇ ಭೂಕಾನೂನು ಎಂಬುದು ಕಾಗದಕ್ಕೆ ಇಳಿದದ್ದು ಕಂಠಿಯವರು ಪೀಠದಲ್ಲಿದ್ದಾಗ.

ಈಗ ಮತ್ತೆ 1962ರ ಮಾರ್ಚ್. ಇಳಕಲ್ಲಿನ ಚಹಾದಂಗಡಿಯ ಪ್ರಶ್ನೆ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಕಾಂಗ್ರೆಸ್ಸಿನೊಳಗೆ ಜತ್ತಿಯವರ ಬಳಗ ಬೇರೆ, ನಿಜಲಿಂಗಪ್ಪನವರ ಬಳಗ ಬೇರೆ. ಮಾರ್ಚ್ 9ಕ್ಕೆ ಜತ್ತಿ ಸರಕಾರ ಮುಗಿಯಿತು. ನಿಜಲಿಂಗಪ್ಪನವರಿಗೆ ಮೊರಾರ್ಜಿ ಹಿಡಿದ ದಾರಿ ತೆರೆದೇ ಇತ್ತು. ಸೋತಿದ್ದರೂ ಆರು ತಿಂಗಳ ಅವಧಿಯ ಮೇಲೆ ನೇರ ಬಂದು ಕೂರಬಹುದಿತ್ತು. ಮೈಸೂರಿನಲ್ಲಿ ಆ ದಾರಿ ಹಿಡಿಯಲಿಲ್ಲ. ನಿಜಲಿಂಗಪ್ಪನವರು ಮೊದಲು ಜನರಿಂದ ಗೆದ್ದು ಬರಲಿ, ಅಲ್ಲಿಯವರೆಗೆ ನಂಬಿಕೆಯ ಒಬ್ಬರು ಸರಕಾರ ನಡೆಸಲಿ ಎಂದಾಯಿತು. ಆ ನಂಬಿಕೆ ಬಿದ್ದದ್ದು ಕಂಠಿಯವರ ಮೇಲೆ. ಸಭಾಧ್ಯಕ್ಷರಾಗಿ ಯಾವ ಬಳಗಕ್ಕೂ ಬಹಿರಂಗವಾಗಿ ವಾಲದೆ ಇದ್ದದ್ದು ಅವತ್ತು ಕೈಹಿಡಿಯಿತೆಂದು ನನಗೆ ಕಾಣುತ್ತದೆ.

ಮಾರ್ಚ್ 14. ಪ್ರಮಾಣವಚನ ಬೋಧಿಸುವ ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರು, ಹದಿನೈದು ವರ್ಷದ ಹಿಂದೆ ಮೈಸೂರಿನ ಮಹಾರಾಜರು. ಎದುರು ನಿಂತವರು ಮಹಾರಾಜರ ಗಡಿಯ ಆಚೆ, ಬ್ರಿಟಿಷ್ ಮುಂಬೈ ಪ್ರಾಂತದ ಕೆರೂರಿನಲ್ಲಿ ಹುಟ್ಟಿದ ಐವತ್ಮೂರು ವರ್ಷದ ವಕೀಲ. ಇವರಿಬ್ಬರು ಎದುರುಬದುರಾಗಿ ನಿಂತ ಆ ಗಳಿಗೆಯಲ್ಲಿ ಏಕೀಕರಣ ಎಂಬ ದೊಡ್ಡ ಮಾತು ಕಣ್ಣಿಗೆ ಕಾಣುವಷ್ಟು ಹತ್ತಿರ ಬರುತ್ತದೆ. ವಾರಕ್ಕೆ ಹೋಳಿಹುಣ್ಣಿಮೆ. ಬಾಗಲಕೋಟೆಯಲ್ಲಿ ಹಲಗೆ ಕಾಯಿಸಿ ಬಡಿಯುವ ಸದ್ದು ಶುರುವಾಗಿದೆ. ಬಣ್ಣದ ಬಂಡಿಗಳು ಹೊರಡುವ ಊರು ಅದು. ಆ ವರ್ಷದ ಹೋಳಿಯಲ್ಲಿ ನಮ್ಮ ಜಿಲ್ಲೆಯವರೇ ಮತ್ತೆ ಮುಖ್ಯಮಂತ್ರಿ.

ವಿಧಾನಸಭೆಯಲ್ಲಿ ಕಂಠಿ ಬಿಟ್ಟ ಪೀಠಕ್ಕೆ ಬಿ. ವೈಕುಂಠ ಬಾಳಿಗರು ಬಂದರು. ಐದು ವರ್ಷ ಎಲ್ಲರ ಮಾತು ಕೇಳಿದವರು ಈಗ ಮೊದಲ ಸಾಲಿನಲ್ಲಿ ಕೂತು ಪ್ರತಿಯೊಂದಕ್ಕೂ ಉತ್ತರ ಕೊಡಬೇಕು. ತಾತ್ಕಾಲಿಕ ಎಂದು ಎಲ್ಲರಿಗೂ ಗೊತ್ತಿರುವ ಮುಖ್ಯಮಂತ್ರಿಯ ಪಾಡು ಸುಲಭದ್ದಲ್ಲ. ಅಧಿಕಾರಿಗಳು ಕಡತ ತಡೆಹಿಡಿದು ಮುಂದಿನವರಿಗೆ ಕಾಯಬಹುದು. ಮಂತ್ರಿಗಳ ಕಣ್ಣು ಇನ್ನೊಬ್ಬರ ಮನೆಯ ಕಡೆಗೆ ಇರಬಹುದು. ಇದಕ್ಕಿಂತ ದೊಡ್ಡ ಪರೀಕ್ಷೆ ಒಳಗಿನದು. 138 ಜನ ಶಾಸಕರ ಪಕ್ಷ, ಕೈಯಲ್ಲಿ ಅಧಿಕಾರ, ಹಂಚಲು ಮಂತ್ರಿಗಿರಿ. ಇಷ್ಟಿದ್ದಾಗ ಒಂದು ಗುಂಪು ಕಟ್ಟಿಕೊಂಡು ಇನ್ನು ಇಳಿಯುವುದಿಲ್ಲ ಎನ್ನಲು ಎಷ್ಟು ಹೊತ್ತು? ಆಮೇಲಿನ ಅರವತ್ತು ವರ್ಷಗಳಲ್ಲಿ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಹೀಗೆ ಕೂರಿಸಿದವರು ಎದ್ದೇಳಲು ಒಪ್ಪದೆ ಪಕ್ಷಗಳೇ ಒಡೆದದ್ದನ್ನು ಕಂಡಿದ್ದೇವೆ.

ಇತ್ತ ಬಾಗಲಕೋಟೆಯಲ್ಲಿ ಇನ್ನೊಬ್ಬರು ತಮ್ಮದನ್ನು ಬಿಟ್ಟುಕೊಟ್ಟರು. ಅಲ್ಲಿಂದ ಗೆದ್ದಿದ್ದ ಕಾಂಗ್ರೆಸ್ಸಿನ ಬಿ.ಟಿ. ಮುರನಾಳ ರಾಜೀನಾಮೆ ಕೊಟ್ಟು ನಿಜಲಿಂಗಪ್ಪನವರಿಗೆ ಜಾಗ ಮಾಡಿದರು. ವಲ್ಲಭಭಾಯಿ ಚೌಕದಲ್ಲಿ ಬಂದು ನಿಲ್ಲಿ. ಹಳೆಯ ಪೇಟೆ, ಅಂಗಡಿಗಳ ಮುಂದೆ ಕಾಳಿನ ಚೀಲ, ಘಟಪ್ರಭೆಯ ಕಡೆಯಿಂದ ಬರುವ ಗಾಳಿ. ಉಪಚುನಾವಣೆ ಅಂದರೆ ಗದ್ದಲ ಇರಬೇಕಿತ್ತು. ಇಲ್ಲ. ನಿಜಲಿಂಗಪ್ಪನವರ ಎದುರು ಯಾರೂ ಕಣದಲ್ಲಿ ಉಳಿಯಲಿಲ್ಲ. ಚಿತ್ರದುರ್ಗ ಸೀಮೆಯ ನಾಯಕ ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್ 20ಕ್ಕೆ ಕಂಠಿ ರಾಜೀನಾಮೆ ಕೊಟ್ಟರು. ನೂರು ದಿನವೂ ತುಂಬಿರಲಿಲ್ಲ. ಮರುದಿನ ನಿಜಲಿಂಗಪ್ಪ ಮುಖ್ಯಮಂತ್ರಿ. ಜಮಖಂಡಿ, ಹುನಗುಂದ, ಬಾಗಲಕೋಟೆ: ಇಂದಿನ ಬಾಗಲಕೋಟೆ ಜಿಲ್ಲೆಯ ಮೂರು ಕ್ಷೇತ್ರಗಳ ಶಾಸಕರು ಒಬ್ಬರ ಹಿಂದೆ ಒಬ್ಬರಂತೆ ರಾಜ್ಯ ಆಳಿದ್ದು ಆ ಒಂದೇ ವರ್ಷದಲ್ಲಿ.

ಆಗಿನಿಂದ ಕಂಠಿಯವರನ್ನು ಭರತನೆಂದು ಕರೆಯುವುದು ರೂಢಿಗೆ ಬಂತು. ಪಾದುಕೆ ಇಟ್ಟು ರಾಜ್ಯವಾಳಿ ಅಣ್ಣ ಬಂದಾಗ ಒಪ್ಪಿಸಿದವನು. ಪ್ರೀತಿಯಿಂದ ಹೇಳಿದ ಮಾತೇ. ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಗದ್ದುಗೆ ಯಾವ ಅಣ್ಣನ ಪಿತ್ರಾರ್ಜಿತವೂ ಅಲ್ಲ. ಕಂಠಿ ಹುನಗುಂದದ ಮತದಿಂದ ಬಂದ ಶಾಸಕ, ಶಾಸಕಾಂಗ ಪಕ್ಷ ಒಪ್ಪಿದ ಮುಖ್ಯಮಂತ್ರಿ. ಕೊಟ್ಟ ಮಾತಿನಂತೆ ನಡೆದುಕೊಂಡರು. ಭರತ ಎಂದ ಕೂಡಲೇ ಅವರ ಹಿಂದಿನ ಐದು ವರ್ಷ, ಮುಂದಿನ ಐದು ವರ್ಷ ಎರಡೂ ಮರೆಯಾಗಿಬಿಡುತ್ತವೆ.

ಹೊರಗಿನ ನಾಯಕನಿಗೆ ಈ ಸೀಮೆ ಜಾಗ ಕೊಟ್ಟದ್ದು ಅದೊಂದೇ ಸಲವಲ್ಲ. ಬಾದಾಮಿಯ ಕಡೆಗೆ ಒಂದು ಗಳಿಗೆ ತಿರುಗಿ, ಕಾಲವನ್ನು ಐವತ್ತಾರು ವರ್ಷ ಮುಂದೂಡಿ. 2018ರ ಮೇ. ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರಿನ ಚಾಮುಂಡೇಶ್ವರಿಯ ಜೊತೆಗೆ ಬಾದಾಮಿಯಲ್ಲೂ ನಿಂತಿದ್ದಾರೆ. ಹಾಲಿ ಶಾಸಕರಾಗಿದ್ದ ಬಿ.ಬಿ. ಚಿಮ್ಮನಕಟ್ಟಿ ಕ್ಷೇತ್ರ ಬಿಟ್ಟುಕೊಡಬೇಕಾಯಿತು. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯನವರಿಗೆ ದೊಡ್ಡ ಸೋಲು. ಬಾದಾಮಿಯಲ್ಲಿ ಬಿ. ಶ್ರೀರಾಮುಲು ಎದುರು 1,696 ಮತಗಳ ಗೆಲುವು. ದಕ್ಷಿಣದ ತವರಿನಲ್ಲಿ ಸೋತವರನ್ನು ಮಲಪ್ರಭೆಯ ದಂಡೆ ಮತ್ತೊಮ್ಮೆ ಸದನಕ್ಕೆ ಕಳಿಸಿತು. ಆದರೆ ಈ ನಾಡು ಬಂದವರಿಗೆಲ್ಲ ಬಾಗಿಲು ತೆರೆಯುತ್ತದೆ ಎಂದು ಯಾರೂ ತಿಳಿಯಬಾರದು. 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಬಂದಾಗ ಜನ ಅವರನ್ನು ಸೋಲಿಸಿ, ರೈತರ ದುಡ್ಡು ದುಡಿಮೆ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ್ದ ಸಿದ್ದು ನ್ಯಾಮಗೌಡರನ್ನು ಆರಿಸಿದರು. 2023ರಲ್ಲಿ ಬಾದಾಮಿ ಚಿಮ್ಮನಕಟ್ಟಿಯವರ ಮಗ ಭೀಮಸೇನರನ್ನು ಆರಿಸಿತು.

1962ರ ಜೂನ್ ಕೊನೆಗೆ ಹಿಂತಿರುಗಿ. ಮುಖ್ಯಮಂತ್ರಿಯಾಗಿದ್ದವರು ಮನೆಗೆ ಹೋಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾದರು. ನಿನ್ನೆ ತಾವು ಕೂತಿದ್ದ ಕುರ್ಚಿಯ ಪಕ್ಕದಲ್ಲಿ ಕೂತು ಕಡತ ಬಿಚ್ಚಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾ ಯುದ್ಧ. ದೇಶದಲ್ಲಿ ಸೈನಿಕ ಶಾಲೆಗಳು ಆಗ ತಾನೇ, 1961ರಲ್ಲಿ ಶುರುವಾಗಿದ್ದವು; ಸೇನೆಯ ಅಧಿಕಾರಿಗಳ ಸಾಲಿಗೆ ಸಾಮಾನ್ಯರ ಮನೆಯ ಮಕ್ಕಳೂ ಬರಲಿ ಎಂಬ ಯೋಜನೆ. ಮೈಸೂರು ರಾಜ್ಯಕ್ಕೆ ಬಂದ ಶಾಲೆ ರಾಜಧಾನಿಯ ಪಕ್ಕಕ್ಕೆ ಹೋಗಬಹುದಿತ್ತು. 1963ರ ಸೆಪ್ಟೆಂಬರ್ 16ರಂದು ಅದು ವಿಜಾಪುರದಲ್ಲಿ ಬಾಗಿಲು ತೆರೆಯಿತು. ಅದರ ಹಿಂದೆ ನಿಂತವರು ಕಂಠಿ.

ಆ ಶಾಲೆಯ ಮೈದಾನದ ಅಂಚಿನಲ್ಲಿ ಬೆಳಗಿನ ಆರಕ್ಕೆ ನಿಂತು ನೋಡಿ. ಬರದ ಜಿಲ್ಲೆ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗರು ಬೂಟು ಕಟ್ಟಿ ಸಾಲಾಗಿ ಓಡುತ್ತಿದ್ದಾರೆ. ಬೀದರ್, ರಾಯಚೂರು, ಧಾರವಾಡ, ಹಾಸನ ಎಲ್ಲ ಕಡೆಯ ಮಕ್ಕಳೂ ಇದ್ದಾರೆ. ಕೆರೂರಿನ ಹುಡುಗ ಓದಿಗಾಗಿ ಕೊಲ್ಲಾಪುರಕ್ಕೆ ಹೋಗಬೇಕಾಗಿದ್ದ ಕಾಲ ಮೂವತ್ತೇ ವರ್ಷ ಹಿಂದಿನದು. ಓದಲು ಊರು ಬಿಡಬೇಕಾದ ಕಷ್ಟ ಉಂಡ ಮಂತ್ರಿ ಶಾಲೆಯನ್ನು ತಂದು ಇಟ್ಟ ಜಾಗ ಇದು. ಅದೇ ಸಾಲಿನಲ್ಲಿ 1969ರಲ್ಲಿ ಹೆಣ್ಣುಮಕ್ಕಳಿಗೆಂದೇ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ವಸತಿ ಶಾಲೆ ಶುರುವಾಯಿತು. ಅದರ ಸ್ಥಾಪಕರೂ ಕಂಠಿಯವರೇ. ಹುಡುಗಿಯರು ಕುದುರೆ ಸವಾರಿ, ಕವಾಯತು ಕಲಿಯುವ ಶಾಲೆ. ಸೈನಿಕ ಶಾಲೆಗಳ ಬಾಗಿಲು ಹುಡುಗಿಯರಿಗೆ ತೆರೆಯಲು ದೇಶ ಇನ್ನೂ ಐವತ್ತು ವರ್ಷ ತೆಗೆದುಕೊಂಡಿತು.

ಕಂಠಿ ಮಂತ್ರಿಯಾಗಿದ್ದ ಅವಧಿಯ ಇನ್ನೊಂದು ದಿನವನ್ನು ನೋಡದೆ ಈ ಸೀಮೆಯಿಂದ ಹೊರಡಲಾಗದು. 1964ರ ಮೇ 22, ಆಲಮಟ್ಟಿ. ಕಡುಬೇಸಿಗೆ. ಕೃಷ್ಣೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಾಳೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಇಡುತ್ತಾರೆ. ಐದು ದಿನಕ್ಕೆ ನೆಹರೂ ತೀರಿಕೊಂಡು, ಹದಿನೈದು ದಿನ ತುಂಬುವ ಮೊದಲೇ ಶಾಸ್ತ್ರಿಯವರು ಆ ಜಾಗಕ್ಕೆ ಬರುತ್ತಾರೆ. ಆ ದಿನ ರಾಜ್ಯದ ಮುಖ್ಯಮಂತ್ರಿ ಯಾರು? ಬಾಗಲಕೋಟೆಯ ಶಾಸಕ ನಿಜಲಿಂಗಪ್ಪ. ಎರಡು ವರ್ಷದ ಹಿಂದೆ ಬಾಗಲಕೋಟೆ ಅವರಿಗೆ ಎದುರಾಳಿಯಿಲ್ಲದೆ ತನ್ನ ಸ್ಥಾನ ಕೊಟ್ಟಿತ್ತು. ಈಗ ಅಡಿಗಲ್ಲು ಬಿದ್ದ ಅಣೆಕಟ್ಟಿನ ಹಿನ್ನೀರು ಮುಂದೆ ಅದೇ ಬಾಗಲಕೋಟೆಯ ಹಳೆಯ ಓಣಿಗಳನ್ನು ನುಂಗಿತು. ನಾಡಿಗೆ ನೀರು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೃಷ್ಣೆಯ ನೀರು ಬರದ ಸೀಮೆಯ ಎಷ್ಟೋ ಹೊಲ ತೋಯಿಸಿತು. ಆದರೆ ತಲೆಮಾರುಗಟ್ಟಲೆ ಬಾಳಿದ ಮನೆಯ ಬಾಗಿಲು ಕಿತ್ತು ಬಂಡಿಗೆ ಹೇರಿಕೊಂಡು ನವನಗರದ ಸೈಟು ಹುಡುಕಿದವರ ನೋವು ಹೆಕ್ಟೇರಿನ ಲೆಕ್ಕದಲ್ಲಿ ಬರುವುದಿಲ್ಲ. ವಿಜಾಪುರದಿಂದ ಬೇರೆಯಾಗಿ 1997ರಲ್ಲಿ ಹೊಸ ಜಿಲ್ಲೆಯಾದಾಗ ಬಾಗಲಕೋಟೆ ಒಂದು ಕಡೆ ಮುಳುಗುತ್ತ ಇನ್ನೊಂದು ಕಡೆ ಏಳುತ್ತಿತ್ತು. ಬಿಟ್ಟುಕೊಟ್ಟವರನ್ನು ನೆನೆಯುವಾಗ ಕಂಠಿ, ಮುರನಾಳರ ಪಕ್ಕಕ್ಕೆ ಈ ಓಣಿಗಳ ಜನರನ್ನೂ ನಿಲ್ಲಿಸಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

1967ರಲ್ಲಿ ಹುನಗುಂದ ಮತ್ತೊಮ್ಮೆ ಕಂಠಿಯವರನ್ನು ಕಳಿಸಿತು. ಮುಂದಿನ ವರ್ಷ ನಿಜಲಿಂಗಪ್ಪ ಕಾಂಗ್ರೆಸ್ ಅಧ್ಯಕ್ಷರಾಗಿ ದೆಹಲಿಗೆ ಹೋದರು, ಬೆಂಗಳೂರಿನಲ್ಲಿ ವೀರೇಂದ್ರ ಪಾಟೀಲರು ಬಂದರು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಿತಿ ಸೇರಿದಾಗ ಇಂದಿರಾ ಗಾಂಧಿ ಒಂದು ಕಡೆ, ಹಿರಿಯರು ಇನ್ನೊಂದು ಕಡೆ. ನವೆಂಬರಿನಲ್ಲಿ ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಡಿಸೆಂಬರಿನ ಕೊನೆಗೆ ಎರಡು ಕಾಂಗ್ರೆಸ್ಸುಗಳು ಎರಡು ಊರಲ್ಲಿ ಬೇರೆ ಬೇರೆ ಅಧಿವೇಶನ ನಡೆಸಿದವು. ಆ ಎರಡು ಅಧಿವೇಶನಗಳ ನಡುವೆ, ಡಿಸೆಂಬರ್ 25ರಂದು, ಕಂಠಿ ತೀರಿಕೊಂಡರು. ಅರವತ್ತೊಂದು ತುಂಬಿ ನಾಲ್ಕು ದಿನವಾಗಿತ್ತು. ಹುನಗುಂದದ ಶಾಸಕರಾಗಿಯೇ ಹೋದರು.

ಇವತ್ತು ಹುನಗುಂದ, ಇಳಕಲ್ಲಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರಿಗೆ ಕಂಠಿಯವರ ಮುಖ್ಯಮಂತ್ರಿ ದಿನಗಳ ಲೆಕ್ಕ ಬಾಯಿಪಾಠ ಮಾಡಿಸುವ ಬದಲು ಒಂದು ಕೆಲಸ ಹಚ್ಚಬೇಕು. ವಿಧಾನಸಭೆಯ ನಡಾವಳಿಗಳ ದಪ್ಪ ಸಂಪುಟಗಳಿವೆ. 1956ರ ಡಿಸೆಂಬರ್ 19ರಿಂದ ತೆರೆದು ಪೀಠದಿಂದ ಬಂದ ತೀರ್ಪುಗಳನ್ನು ಒಂದೊಂದಾಗಿ ಬರೆದುಕೊಳ್ಳಲಿ: ಯಾವ ದಿನ ಯಾವ ಮಂತ್ರಿಯನ್ನು ತಡೆದರು, ಯಾವ ವಿರೋಧಿಗೆ ಮಾತು ಕೊಟ್ಟರು, ಯಾವ ಪದ ಕಡತದಿಂದ ತೆಗೆದರು, ಬಳ್ಳಾರಿಯವರೂ ಮಂಡ್ಯದವರೂ ಕೂಗಾಡಿದಾಗ ಏನು ಹೇಳಿ ಕೂರಿಸಿದರು. ಆ ತೀರ್ಪುಗಳನ್ನು ಕನ್ನಡದಲ್ಲಿ ಒಂದೇ ಪುಸ್ತಕವಾಗಿ ಕಟ್ಟಿ ಮೊದಲ ಪ್ರತಿಯನ್ನು ಕೆರೂರಿನ ಶಾಲೆಯ ಕಪಾಟಿಗೆ ಇಡಲಿ, ಎರಡನೆಯದನ್ನು ಇಂದಿನ ಸಭಾಧ್ಯಕ್ಷರ ಮೇಜಿಗೆ ಕಳಿಸಲಿ.